ಉಮ್ಮ ‘ನಿಲ್ಲಿಸು’ ಎಂದರೆ ನಿಲ್ಲಿಸಿ

ಕಳೆದ ಪೆರ್ನಾಲಿನ ಮರುದಿನ ಬಂಟ್ವಾಳ ಕಡೆಯ ಒಂದು ಮನೆಗೆ ಹೋಗಿದ್ದೆವು. ಆ ಮನೆಯ ಯಜಮಾನರು ಸೌದಿಯ ಜುಬೈಲಿನಲ್ಲಿ 22 ವರ್ಷ ದುಡಿದವರು. ಎಲ್ಲ ಬಿಟ್ಟು ಊರಿಗೆ ಬಂದು ಎರಡು ವರ್ಷ ಆಗುವಷ್ಟರಲ್ಲಿ ತೀರಿಕೊಂಡರು. ಅವರ ಕಿರಿಯ ಮಗ ನಮ್ಮ ಮದ್ರಸದಲ್ಲಿ ಕಲಿತವನು, ಈಗ ಪಿಯುಸಿ. “ಉಸ್ತಾದ್, ಒಂದು ಐದು ನಿಮಿಷ ಕೂತ್ಕೊಳ್ಳಿ, ಬಾಪನ ಫೋಟೊ ಎಲ್ಲ ಸೇರಿಸಿ ವೀಡಿಯೊ ಮಾಡಿದ್ದೇನೆ” ಎಂದು ಟಿವಿಗೆ ಪೆನ್‌ಡ್ರೈವ್ ಹಾಕಿದ. ಪತ್ತಿರ್ ತಿನ್ನುತ್ತಾ ನಾವು ನೋಡಿದೆವು.

ಚೆನ್ನಾಗಿಯೇ ಮಾಡಿದ್ದ. ನಾಲ್ಕು ನಿಮಿಷದ ಒಂದು ಹಾಡು, ಅದಕ್ಕೆ 60 ಫೋಟೊ. ಒಂದೊಂದಕ್ಕೆ ನಾಲ್ಕು ಸೆಕೆಂಡ್. ಒಂದು ಫೋಟೊ ಕರಗಿ ಇನ್ನೊಂದು ಬರುತ್ತದೆ, ಕೆಲವು ಹತ್ತಿರ ಬರುತ್ತವೆ, ಕೆಲವು ದೂರ ಸರಿಯುತ್ತವೆ. ನಡುವೆ ಒಂದು ಫೋಟೊ ಬಂತು. ಕ್ಯಾಂಪಿನ ರೂಮಿನ ಎದುರು ನಾಲ್ಕು ಮಂದಿ ನಿಂತಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲೇ ನಿಂತು ನೋಡುತ್ತಿದ್ದ ಅವನ ಉಮ್ಮ “ನಿಲ್ಲಿಸು, ನಿಲ್ಲಿಸು” ಎಂದರು.

“ಉಮ್ಮಾ, ಈಗ ನಿಲ್ಲಿಸಿದ್ರೆ ಹಾಡು ಕಟ್ ಆಗ್ತದೆ. ಒಮ್ಮೆ ಮುಗೀಲಿ, ಮತ್ತೆ ನೋಡುವಾ.”

ಅಷ್ಟರಲ್ಲಿ ಆ ಫೋಟೊ ಹೋಗಿ ಆಗಿತ್ತು. ಹಾಡು ಮುಗಿದ ಮೇಲೆ ಹಿಂದಕ್ಕೆ ತಂದು ನಿಲ್ಲಿಸಿದ. ಆಗ ಆ ತಾಯಿ ಟಿವಿಯ ಹತ್ತಿರ ಬಂದು ಬೆರಳು ತೋರಿಸಿ ಹೇಳಿದರು: ಬಲಗಡೆಯವರು ಅವರ ರೂಮಿನವರು, ಹಿರಿಯ ಮಗಳ ಮದುವೆಗೆ ಹಣ ಕಮ್ಮಿ ಬಿದ್ದಾಗ ತಮ್ಮ ಊರಿಗೆ ಹೋಗುವ ಟಿಕೆಟಿನ ಹಣ ಕೊಟ್ಟು ಆ ವರ್ಷ ಊರಿಗೇ ಹೋಗದೆ ಕೂತವರು. ಅವರ ಪಕ್ಕದಲ್ಲಿ ಮನೆಯವರು. ಮೂರನೆಯವರು ಅಡುಗೆ ಮಾಡುತ್ತಿದ್ದರು, ಮೀನು ಸಾರು ಅವರದ್ದೇ. ಎಡಗಡೆಯ ಕೊನೆಯವರ ಹೆಸರು ಅವರಿಗೂ ಗೊತ್ತಿರಲಿಲ್ಲ. ಮಾತು ಅಲ್ಲಿಂದ ಎಲ್ಲಿಗೋ ಹೋಯಿತು. ಮುಕ್ಕಾಲು ಗಂಟೆ ಆಗಿರಬಹುದು. ಮಗ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಅಕ್ಕನ ಮದುವೆಯ ಹಣ ಎಲ್ಲಿಂದ ಬಂದಿತ್ತು ಎಂದು ಅವನಿಗೆ ಆ ದಿನ ಗೊತ್ತಾದದ್ದು.

ಆ ಮುಕ್ಕಾಲು ಗಂಟೆಯನ್ನು ಯಾರೂ ರೆಕಾರ್ಡ್ ಮಾಡಲಿಲ್ಲ. ಕೋಣೆಯಲ್ಲಿ ಕಮ್ಮಿಯೆಂದರೂ ಐದು ಮೊಬೈಲ್ ಇತ್ತು, ನಮ್ಮದೂ ಸೇರಿ.

ಈ ವಿಷಯ ಬರೆಯಲು ಅದೇ ಕಾರಣ. ಈಗ ನಮ್ಮ ಮನೆಗಳಲ್ಲಿ ಫೋಟೊ ಜೋಡಿಸಿ ವೀಡಿಯೊ ಮಾಡದ ಹುಡುಗ ಹುಡುಗಿಯರೇ ಇಲ್ಲ. ನಿಕಾಹ್ ಆದರೆ ಒಂದು, ಮಗು ಹುಟ್ಟಿದರೆ ಒಂದು, ಉಮ್ರಾದಿಂದ ಬಂದರೆ ಒಂದು, ಮಯ್ಯತ್ ಆದ ಮನೆಯಲ್ಲಿ ಕಬರಿನ ಮಣ್ಣು ಒಣಗುವ ಮೊದಲೇ ಒಂದು. ಇದನ್ನು ಬರೀ ಹುಚ್ಚು ಎಂದು ತಳ್ಳಿಹಾಕುವವರ ಜೊತೆ ನಾವಿಲ್ಲ. ಫೋಟೊ ಹಲಾಲೋ ಹರಾಮೋ ಎಂಬ ಚರ್ಚೆಗೂ ಇಲ್ಲಿ ಇಳಿಯುವುದಿಲ್ಲ, ಅದನ್ನು ಮಾತಾಡಲು ನಮಗಿಂತ ದೊಡ್ಡ ಉಲಮಾಗಳಿದ್ದಾರೆ. ಪಾಸ್‌ಪೋರ್ಟಿಗೆ, ವೀಸಾಕ್ಕೆ, ಹಜ್ಜಿನ ಅರ್ಜಿಗೆ ಎಂದು ತೆಗೆಸಿದ ಫೋಟೊ ಎಲ್ಲರ ಮನೆಯಲ್ಲೂ ಉಂಟು. ಗಲ್ಫಿಗೆ ಹೋದ ಬಾಪನನ್ನು ಎರಡು ವರ್ಷಕ್ಕೊಮ್ಮೆ ಕಂಡು ಬೆಳೆದ ಮಕ್ಕಳಿಗೆ ಬಾಪ ಎಂದರೆ ಬಹಳ ಕಾಲ ಫೋಟೊವೇ ಆಗಿದ್ದರು. ಅಂಥ ಮಗ ಫೋಟೊಗಳನ್ನು ಒಟ್ಟು ಮಾಡಲು ಕೂತರೆ ಅದು ಸಣ್ಣ ಕೆಲಸ ಅಲ್ಲ. ಹೇಗೆ ಮಾಡುತ್ತಾನೆ, ಯಾರಿಗೆ ಕಳಿಸುತ್ತಾನೆ ಎಂಬುದರಲ್ಲಿ ನಮ್ಮ ತಕರಾರು.

ಈ ಹುಚ್ಚು ನಮಗೂ ಇತ್ತು. ಮದ್ರಸಕ್ಕೆ ಮೊದಲ ಕಂಪ್ಯೂಟರ್ ಬಂದಾಗ ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು, ಎಕ್ಸ್‌ಪಿಯೊಳಗೆ ಮೂವಿ ಮೇಕರ್ ಇತ್ತು. ಕೆಳಗೆ ಒಂದು ಉದ್ದದ ಪಟ್ಟಿ, ಅದಕ್ಕೆ ಒಂದೊಂದೇ ಫೋಟೊ ಎಳೆದು ಹಾಕುವುದು, ಎರಡು ಫೋಟೊಗಳ ನಡುವೆ ಬದಲಾವಣೆಯ ಚೌಕ, ಅದರ ಕೆಳಗೆ ಹಾಡು. ಇಶಾ ಆದ ಮೇಲೆ ಕೂತರೆ ರಾತ್ರಿ ಒಂದು ಗಂಟೆ ಆದದ್ದು ಗೊತ್ತಾಗುತ್ತಿರಲಿಲ್ಲ. ಮೀಲಾದ್ ಕಾರ್ಯಕ್ರಮದ ಮೊದಲ ಸ್ಲೈಡ್ ಶೋ ಮಾಡಿದ್ದು ಹಾಗೆ. ಮೂರು ರಾತ್ರಿ ಕೂತು ಜೋಡಿಸಿ, ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಕಾರ್ಯಕ್ರಮದ ದಿನ ಬಾಡಿಗೆ ಲ್ಯಾಪ್‌ಟಾಪಿನಲ್ಲಿ ತೆರೆದರೆ ಫೋಟೊ ಇರಬೇಕಾದಲ್ಲೆಲ್ಲ ಕೆಂಪು ಗುರುತು. ಒಂದೇ ಒಂದು ಫೋಟೊ ಇಲ್ಲ. ಜಮಾತ್ ಅಧ್ಯಕ್ಷರು, ಖತೀಬರು, ಮಕ್ಕಳ ಹೆತ್ತವರು ಎಲ್ಲ ಎದುರಿಗೆ ಕೂತಿದ್ದಾರೆ!

ಆಮೇಲೆ ತಿಳಿದದ್ದೇನೆಂದರೆ, ಆ ಪ್ರಾಜೆಕ್ಟ್ ಫೈಲಿನೊಳಗೆ ಫೋಟೊಗಳೇ ಇರುವುದಿಲ್ಲ. ಯಾವ ಫೋಲ್ಡರಿನಲ್ಲಿ ಯಾವ ಫೋಟೊ ಉಂಟು ಎಂಬ ವಿಳಾಸ ಮಾತ್ರ ಇರುತ್ತದೆ. ವೀಡಿಯೊ ಆಗಿ ಬೇರೆಯೇ ಸೇವ್ ಮಾಡಬೇಕು, ಆಗ ಮಾತ್ರ ಅದು ಇನ್ನೊಂದು ಕಡೆ ಓಡುತ್ತದೆ. ಇವತ್ತಿಗೂ ಎಷ್ಟೋ ಸಾಫ್ಟ್‌ವೇರ್‌ಗಳ ಕ್ರಮ ಹೀಗೆಯೇ. ಮೊಬೈಲ್ ಆ್ಯಪಿನಲ್ಲಿ ಅರ್ಧ ಕೆಲಸ ಮಾಡಿಟ್ಟು, ಜಾಗ ಸಾಲದು ಎಂದು ಗ್ಯಾಲರಿಯಿಂದ ಫೋಟೊ ಅಳಿಸಿ, ಮತ್ತೆ “ಉಸ್ತಾದ್, ಎಲ್ಲ ಹೋಯ್ತು” ಎಂದು ಬರುವ ಮಕ್ಕಳು ವರ್ಷಕ್ಕೆ ಇಬ್ಬರು ಮೂವರಾದರೂ ಇದ್ದೇ ಇರುತ್ತಾರೆ.

ಆದರೆ ನಮ್ಮ ದೊಡ್ಡ ತಪ್ಪು ಅದಲ್ಲ. ಅದು ಕೆಲವು ವರ್ಷಗಳ ನಂತರದ್ದು. ಶಾಲೆ ಶುರುವಾಗುವ ಸಮಯ, ಊರಿನ ಕೆಲವರು ಸೇರಿ ಮಕ್ಕಳಿಗೆ ಬ್ಯಾಗು, ಪುಸ್ತಕ ಹಂಚಿದರು. ಕೊಟ್ಟವರಿಗೆ ತೋರಿಸಬೇಕಲ್ಲ, ಗಲ್ಫಿನಲ್ಲಿರುವ ದಾನಿಗಳಿಗೆ ಕಳಿಸಬೇಕಲ್ಲ ಎಂದು ನಾವೇ ಮೊಬೈಲಿನಲ್ಲಿ ಸ್ಲೈಡ್ ಶೋ ಮಾಡಿದೆವು. ಒಬ್ಬೊಬ್ಬ ಮಗು ಬ್ಯಾಗು ತೆಗೆದುಕೊಳ್ಳುವ ಫೋಟೊ, ಕೊಡುವವರ ನಗುಮುಖ, ಹಿಂದೆ ಒಂದು ಹಾಡು. ಊರಿನ ಗ್ರೂಪಿಗೂ ಹಾಕಿದೆವು. ‘ಮಾಶಾ ಅಲ್ಲಾಹ್’ ಎಂದು ಸಾಲು ಸಾಲು ಉತ್ತರ ಬಂತು. ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ.

ನಾಲ್ಕು ದಿನ ಒಬ್ಬ ಹುಡುಗ ಮದ್ರಸಕ್ಕೆ ಬರಲಿಲ್ಲ. ಐದನೇ ದಿನ ಅವನ ಬಾಪ ಬಂದರು. ರಿಕ್ಷಾ ಓಡಿಸುವವರು. ಕೈಯಲ್ಲಿ ಆ ಬ್ಯಾಗು. ಜಗಳ ಮಾಡಲಿಲ್ಲ, ಸ್ವರ ಏರಿಸಲಿಲ್ಲ. “ಉಸ್ತಾದ್, ಬ್ಯಾಗು ವಾಪಸ್ ತಂದಿದ್ದೇನೆ. ಫೋಟೊ ವಾಪಸ್ ಕೊಡಿ” ಎಂದರು.

ಫೋಟೊ ವಾಪಸ್ ಕೊಡುವುದು ಹೇಗೆ? ಅಷ್ಟರಲ್ಲಿ ಎಷ್ಟೋ ಮಂದಿ ಅದನ್ನು ಸ್ಟೇಟಸ್ಸಿಗೆ ಹಾಕಿಯಾಗಿತ್ತು, ಬೇರೆ ಗ್ರೂಪುಗಳಿಗೆ ಕಳಿಸಿಯಾಗಿತ್ತು. ಅವರ ಮಗನ ಶಾಲೆಯ ಜೊತೆಗಾರರು ನೋಡಿದ್ದರು. “ನಿಂಗೆ ಬ್ಯಾಗು ಫ್ರೀ ಸಿಕ್ಕಿದ್ದಾ?” ಎಂದು ಕೇಳಿದ್ದರು. ಹುಡುಗನಿಗೆ ಆಗ ಹನ್ನೊಂದು ವರ್ಷ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ನಾವು ಪಾಠ ಮಾಡುವವರು. ಪಾಠ ಮಾಡಿದ ಅದೇ ಕೈಯಲ್ಲಿ ಹಂಚಿದೆವು.

ಈಗಲೂ ಕಿಟ್ ವಿತರಣೆಯ ವೀಡಿಯೊಗಳು ಬರುತ್ತಲೇ ಇವೆ. ಲೆಕ್ಕ ತೋರಿಸಬೇಕು, ಸರಿ. ಅದಕ್ಕೆ ಸಾಲಾಗಿ ಜೋಡಿಸಿಟ್ಟ ಅಕ್ಕಿ ಚೀಲದ ಫೋಟೊ ಸಾಲದೇ? ಅಂಗಡಿಯ ಬಿಲ್ಲಿನ ಫೋಟೊ ಸಾಲದೇ? ತೆಗೆದುಕೊಳ್ಳುವವರ ಮುಖ ಇಲ್ಲದೆ ದಾನಿಗೆ ಸಮಾಧಾನ ಆಗುವುದಿಲ್ಲ ಎಂದರೆ ಆ ದಾನಿಯ ಹತ್ತಿರ ನಾವು ಬೇರೆಯೇ ಮಾತಾಡಬೇಕಾದೀತು.

ಇನ್ನು ಮದುವೆ ಮನೆಯ ವಿಷಯ. ಮೈಲಾಂಜಿಯ ರಾತ್ರಿ ಹೆಂಗಸರ ಕಡೆ ತೆಗೆದ ಫೋಟೊ ಹೆಂಗಸರ ನಡುವೆಯೇ ಇರುತ್ತದೆ ಎಂಬ ನಂಬಿಕೆಯಿಂದ ನಿಂತಿರುತ್ತಾರೆ. ಮರುದಿನ ಯಾವುದೋ ತಂಗಿ, ಯಾವುದೋ ಸೊಸೆ ಅದನ್ನೆಲ್ಲ ಹಾಡಿಗೆ ಜೋಡಿಸಿ ಕುಟುಂಬದ ಗ್ರೂಪಿಗೆ ಹಾಕುತ್ತಾಳೆ. ಕುಟುಂಬದ ಗ್ರೂಪ್ ಎಂದರೆ ಈಗ ನೂರು ಮಂದಿ, ಅದರಲ್ಲಿ ಅಳಿಯನ ಸ್ನೇಹಿತನೂ ಇರುತ್ತಾನೆ. 2021ರ ಜುಲೈಯಲ್ಲಿ ಮತ್ತು 2022ರ ಜನವರಿ ಒಂದರಂದು ಎಂತ ಆಯಿತು ಎಂದು ನೆನಪಿರಬಹುದು. ಮುಸ್ಲಿಂ ಹೆಣ್ಣುಮಕ್ಕಳ ಫೋಟೊಗಳನ್ನು ಅವರು ಹಾಕಿಕೊಂಡಲ್ಲಿಂದ ಎತ್ತಿ ಹರಾಜು ಎಂದು ಆ್ಯಪಿನಲ್ಲಿ ಹಾಕಿದರು. ಆ ಹೆಣ್ಣುಮಕ್ಕಳ ತಪ್ಪು ಏನೂ ಇರಲಿಲ್ಲ, ಇದನ್ನು ಒತ್ತಿ ಹೇಳುತ್ತೇವೆ. ಯಾಕೆಂದರೆ ಇಂಥ ಸುದ್ದಿ ಬಂದ ಕೂಡಲೇ ನಮ್ಮಲ್ಲಿ ಕೆಲವರು ಮಗಳ ಮೊಬೈಲ್ ಕಿತ್ತುಕೊಳ್ಳಲು ಓಡುತ್ತಾರೆ. ಮದುವೆಯ ವೀಡಿಯೊ ಹಂಚಿದವ ಮನೆಯ ಗಂಡು ಹುಡುಗನೇ ಆಗಿರುತ್ತಾನೆ, ಅವನನ್ನು ಯಾರೂ ಕೇಳುವುದಿಲ್ಲ. ನಾವು ಹೇಳುವುದು ಇಷ್ಟೆ: ಫೋಟೊದಲ್ಲಿ ಇರುವವಳನ್ನು ಕೇಳಿ. ನಿಮ್ಮ ಹೆಂಡತಿಯೇ ಇರಲಿ, ನಿಮ್ಮ ಉಮ್ಮನೇ ಇರಲಿ. “ಇದನ್ನು ಹಾಕಲಾ?” ಎಂದು ಕೇಳಲು ನಾಲ್ಕು ಸೆಕೆಂಡ್ ಸಾಕು.

ಮಯ್ಯತ್ ಆದವರನ್ನು ಕೇಳಲು ಆಗುವುದಿಲ್ಲ. ಆದ್ದರಿಂದ ಅಲ್ಲಿ ಜಾಗ್ರತೆ ಇನ್ನೂ ಹೆಚ್ಚು ಬೇಕು. ಆಸ್ಪತ್ರೆಯ ಮಂಚದಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡ ಫೋಟೊವನ್ನು ಮಕ್ಕಳೇ ಸ್ಲೈಡ್ ಶೋದ ಕೊನೆಗೆ ಹಾಕಿದ್ದನ್ನು ನೋಡಿದ್ದೇವೆ. ಬದುಕಿದ್ದಾಗ ತಲೆಗೆ ಟೊಪ್ಪಿ ಇಲ್ಲದೆ ಜಗಲಿಗೆ ಬಾರದವರು ಅವರು.

ಸರಿ, ಹಾಗಾದರೆ ಮಾಡುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಬೈದು ಮುಗಿಸಿದರೆ ಉಸ್ತಾದ್ ಕೆಲಸ ಆಗುವುದಿಲ್ಲವಲ್ಲ.

ಮೊದಲು ಹಾಡು ಬಿಡಿ. ಹಾಡು ಇದ್ದರೆ ಅದರ ಉದ್ದಕ್ಕೆ ಫೋಟೊ ಕತ್ತರಿಸಬೇಕಾಗುತ್ತದೆ. ಹಾಡಿನ ಬದಲು ಮನೆಯ ಹಿರಿಯರ ಸ್ವರ ಹಾಕಿ. ಇದು ಹೊಸ ಉಪಾಯ ಏನಲ್ಲ. ಎಕ್ಸ್‌ಪಿ ಕಾಲದಲ್ಲೇ ಮೈಕ್ರೋಸಾಫ್ಟಿನವರು ಫೋಟೊ ಸ್ಟೋರಿ ಎಂಬ ಒಂದು ಸಾಫ್ಟ್‌ವೇರನ್ನು ಪುಕ್ಕಟೆ ಕೊಟ್ಟಿದ್ದರು. ಅದರಲ್ಲಿ ಒಂದೊಂದು ಫೋಟೊ ಎದುರಿಗೆ ಇಟ್ಟುಕೊಂಡು ಮೈಕಿನಲ್ಲಿ ಮಾತಾಡಿದರೆ, ನಾವು ಮಾತಾಡುವಷ್ಟು ಹೊತ್ತು ಆ ಫೋಟೊ ನಿಲ್ಲುತ್ತಿತ್ತು. ಪವರ್‌ಪಾಯಿಂಟಿನಲ್ಲಿ ಈಗಲೂ ಹಾಗೆ ಮಾಡಬಹುದು, ಸ್ಲೈಡಿಗೆ ಸ್ವರ ಸೇರಿಸಿ ಕೊನೆಗೆ ವೀಡಿಯೊ ಆಗಿ ಉಳಿಸಬಹುದು. ಅದೂ ಬೇಡವಾದರೆ ಉಮ್ಮನ ಎದುರು ಆಲ್ಬಂ ಇಟ್ಟು, ಪಕ್ಕದಲ್ಲಿ ಮೊಬೈಲಿನ ವಾಯ್ಸ್ ರೆಕಾರ್ಡರ್ ಚಾಲೂ ಮಾಡಿ ಸುಮ್ಮನೆ ಕೂತುಕೊಳ್ಳಿ. ಜೋಡಿಸುವುದು ಮತ್ತೆ ಆಯಿತು. ಬ್ಯಾರಿಯಲ್ಲೇ ಮಾತಾಡಲಿ. ನಮ್ಮ ಉಮ್ಮಂದಿರು ಆಡುವ ಎಷ್ಟೋ ಬ್ಯಾರಿ ಮಾತು ನಮ್ಮ ಮಕ್ಕಳಿಗೆ ಈಗಲೇ ಬರುವುದಿಲ್ಲ. 2009ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡಮಿ ಮಾಡಿತು, ಒಳ್ಳೆಯದೇ ಆಯಿತು, ಆದರೆ ನಿಮ್ಮ ಅಡುಗೆಮನೆಯ ಮಾತನ್ನು ರೆಕಾರ್ಡ್ ಮಾಡಲು ಅಕಾಡಮಿಯವರು ಬರುವುದಿಲ್ಲ.

ಹಳೆಯ ಆಲ್ಬಮ್ಮಿನ ಫೋಟೊವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತೆಗೆದರೆ ಮುಖದ ಮೇಲೆ ಬಿಳಿ ಗೆರೆ ಬೀಳುತ್ತದೆ. ಹಗಲು ಹೊತ್ತು ಜಗಲಿಯಲ್ಲಿ, ಬಿಸಿಲು ನೇರ ಬೀಳದ ಕಡೆ, ಪ್ಲಾಸ್ಟಿಕ್ ಹಾಳೆ ಸರಿಸಿ ತೆಗೆಯಿರಿ. ಅಂಟಿನ ಪುಟದ ಆಲ್ಬಂ ಆದರೆ ಫೋಟೊವನ್ನು ಎಳೆಯಲು ಹೋಗಬೇಡಿ, ಹರಿಯುತ್ತದೆ. ಅಲ್ಲಿ ಇದ್ದ ಹಾಗೆಯೇ ತೆಗೆದರಾಯಿತು. ಫೋಟೊದ ಹಿಂಬದಿಯಲ್ಲಿ ಬರೆದದ್ದು ಇದ್ದರೆ ಅದನ್ನೂ ಒಂದು ತೆಗೆಯಿರಿ. ಮೂಲೆಯಲ್ಲಿ ಕೇಸರಿ ಬಣ್ಣದ ತಾರೀಕು ಇದ್ದರೆ ಅದನ್ನು ಪೂರಾ ನಂಬಬೇಡಿ, ಕ್ಯಾಮರಾಕ್ಕೆ ತಾರೀಕು ಸರಿ ಇಟ್ಟವರು ಕಮ್ಮಿ.

ಹಳೆಯ ಫೋಟೊ ನಾಲ್ಕು ಇಂಚು ಆರು ಇಂಚಿನದು. ಟಿವಿ ಅದಕ್ಕಿಂತ ಅಗಲ, ಮೊಬೈಲ್ ನೆಟ್ಟಗೆ. ಆ್ಯಪಿಗೆ ಬಿಟ್ಟರೆ ಅದು ಪರದೆ ತುಂಬಿಸಲು ಅಂಚನ್ನು ಕತ್ತರಿಸುತ್ತದೆ. ಅಂಚಿನಲ್ಲಿ ನಿಂತಿರುವವರು ಯಾರು? ಮನೆಯ ಕೆಲಸ ಮುಗಿಸಿ ಕೊನೆಗೆ ಬಂದು ನಿಂತ ಅತ್ತಿಗೆ, ವಿಧವೆ ಚಿಕ್ಕಮ್ಮ, ಸಣ್ಣ ತಮ್ಮ. ಒಂದು ಕುಟುಂಬದ ವೀಡಿಯೊದಲ್ಲಿ ಒಬ್ಬ ಅಜ್ಜಿಯ ಅರ್ಧ ಭುಜ ಮಾತ್ರ ಮೂರು ಸಲ ಬಂದದ್ದು ನೋಡಿದ್ದೇವೆ. ‘ಫಿಟ್’ ಎಂಬ ಆಯ್ಕೆ ಹಲವು ಆ್ಯಪುಗಳಲ್ಲಿ ಉಂಟು. ಎರಡು ಬದಿ ಕಪ್ಪು ಪಟ್ಟಿ ಬಂದರೆ ಬರಲಿ, ಏನೂ ಹೋಗುವುದಿಲ್ಲ.

ಹೆಸರು ಬರೆಯಿರಿ. ಇಂಥವರು, ಇಂಥ ಊರು, ಸುಮಾರು ಇಂಥ ವರ್ಷ. ಮೊದಲೆಲ್ಲ ಕನ್ನಡದಲ್ಲಿ ಬರೆದರೆ ಒತ್ತಕ್ಷರ ಒಡೆದು ಬರುತ್ತಿತ್ತು, ನುಡಿಯಲ್ಲಿ ಟೈಪ್ ಮಾಡಿ ಅದನ್ನೇ ಚಿತ್ರ ಮಾಡಿ ಅಂಟಿಸುತ್ತಿದ್ದೆವು. ಈಗ ಮೊಬೈಲಿನಲ್ಲಿ ಕನ್ನಡ ಸಲೀಸು, ಬ್ಯಾರಿಯನ್ನೂ ಕನ್ನಡ ಲಿಪಿಯಲ್ಲೇ ಬರೆಯುವವರು ನಾವು. ನೆಪ ಇಲ್ಲ.

ಹಂಚುವಾಗ ಇನ್ನೊಂದು. ವಾಟ್ಸ್‌ಆ್ಯಪಿನಲ್ಲಿ ಫೋಟೊವನ್ನು ಸಾಮಾನ್ಯವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ತಾರೀಕಿನ ವಿವರವೂ ಅಳಿಸಿಹೋಗುತ್ತದೆ. ದಮ್ಮಾಮಿನ ಅಣ್ಣನಿಂದ ಫೋಟೊ ತರಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಲು ಹೇಳಿ, ಇದ್ದದ್ದು ಇದ್ದ ಹಾಗೆ ಬರುತ್ತದೆ. ಸ್ಟೇಟಸ್ಸಿನಲ್ಲಿ ಹಾಕಿದ್ದು 24 ಗಂಟೆಗೆ ಮಾಯ. ಬಾಪನ ಬದುಕನ್ನು ತುಂಡು ತುಂಡು ಮಾಡಿ ಸ್ಟೇಟಸ್ಸಿಗೆ ಏರಿಸಿ, ಯಾರೆಲ್ಲ ನೋಡಿದರು ಎಂದು ಲೆಕ್ಕ ಮಾಡುತ್ತಾ ಕೂರುವ ಬದಲು ಒಂದು ಭಾನುವಾರ ಅಕ್ಕ ತಂಗಿಯರನ್ನು ಮನೆಗೆ ಕರೆದು ಟಿವಿಯಲ್ಲಿ ಹಾಕಬಾರದೇ? ಫೋಟೊ ಜೋಡಿಸಿ ವೀಡಿಯೊ ಮಾಡುವ ಆ್ಯಪ್ ನಿಮ್ಮ ಮೊಬೈಲಿನ ನಂಬರುಗಳ ಪಟ್ಟಿ ಕೇಳಿದರೆ ಕೊಡಬೇಡಿ, ಅದಕ್ಕೆ ಎಂತಕ್ಕೆ ಬೇಕು ಅದು?

ಸಾಫ್ಟ್‌ವೇರನ್ನು ನಂಬಿ ಮನೆ ಕಟ್ಟಬೇಡಿ ಎಂದೂ ಹೇಳುತ್ತೇವೆ. ನಾವು ಕಲಿತ ಮೂವಿ ಮೇಕರನ್ನು ಕಂಪೆನಿ 2017ರ ಜನವರಿಯಲ್ಲಿ ಕೈಬಿಟ್ಟಿತು. ಫೋಟೊ ಜೋಡಿಸಿಡಲು ಬಳಸುತ್ತಿದ್ದ ಪಿಕಾಸಾ 2016ರಲ್ಲೇ ನಿಂತಿತ್ತು. ಮದುವೆ ಸ್ಟುಡಿಯೊದವರ ಅಚ್ಚುಮೆಚ್ಚಿನ ಪ್ರೊಶೋ ಮಾಡುತ್ತಿದ್ದ ಕಂಪೆನಿ 2020ರ ಆರಂಭದಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಜೂನ್ ಕೊನೆಗೆ ಕೇಂದ್ರ ಸರಕಾರ 59 ಚೀನೀ ಆ್ಯಪ್ ನಿಷೇಧಿಸಿದಾಗ ಟಿಕ್‌ಟಾಕ್ ಜೊತೆಗೆ ನಮ್ಮ ಮಕ್ಕಳು ಬಳಸುತ್ತಿದ್ದ ವಿವಾವೀಡಿಯೊ ಕೂಡ ಹೋಯಿತು. ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಪುಕ್ಕಟೆ ಇಟ್ಟುಕೊಳ್ಳುತ್ತದೆ ಎಂದು ನಂಬಿದ್ದೆವು, 2021ರ ಜೂನ್‌ನಿಂದ 15 ಜಿಬಿ ದಾಟಿದರೆ ಹಣ. ಮದುವೆಯ ವಿಸಿಡಿ ಅಂತೂ ಎಲ್ಲರ ಕಪಾಟಿನಲ್ಲಿ ಉಂಟು, ಅದನ್ನು ಓಡಿಸುವ ಪೆಟ್ಟಿಗೆ ಯಾರ ಮನೆಯಲ್ಲೂ ಇಲ್ಲ. ಆದ್ದರಿಂದ ವೀಡಿಯೊ ಮಾಡಿ ಆಯಿತೆಂದು ಮೂಲ ಫೋಟೊ ಅಳಿಸಬೇಡಿ, ಆಲ್ಬಂ ಅಟ್ಟಕ್ಕೆ ಹಾಕಿ ಗೆದ್ದಲಿಗೆ ಕೊಡಬೇಡಿ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಫೋಟೊ ಒಂದಕ್ಕೊಂದು ಅಂಟಿದರೆ ಬಿಡಿಸಲು ಬರುವುದಿಲ್ಲ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ಮದುವೆಯಾಗಿ ಹೋದ ಅಕ್ಕನ ಮನೆಯಲ್ಲಿ ಇರಲಿ.

ರಿಕ್ಷಾದ ಆ ಬಾಪನ ಮಾತನ್ನು ನಾವು ಜಮಾತ್ ಸಭೆಯಲ್ಲಿ ಹೇಳಿದೆವು. ಮದ್ರಸದ ಕಾರ್ಯಕ್ರಮದ ಫೋಟೊ ಹೆತ್ತವರ ಒಪ್ಪಿಗೆ ಇಲ್ಲದೆ ಗ್ರೂಪಿಗೆ ಹಾಕುವುದಿಲ್ಲ ಎಂದು ತೀರ್ಮಾನ ಆಯಿತು. ಒಬ್ಬರು ಹಿರಿಯರು “ಹಾಗಾದ್ರೆ ಕಾರ್ಯಕ್ರಮ ಆದದ್ದು ಜನರಿಗೆ ಗೊತ್ತಾಗುವುದು ಹೇಗೆ?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆ ಹುಡುಗ ಮತ್ತೆ ಮದ್ರಸಕ್ಕೆ ಬಂದ, ಏಳನೇ ತರಗತಿಯವರೆಗೆ ಕಲಿತ. ಬ್ಯಾಗನ್ನು ಮಾತ್ರ ತೆಗೆದುಕೊಂಡು ಹೋಗಲೇ ಇಲ್ಲ. ಅದು ಬಹಳ ದಿನ ನಮ್ಮ ಕಪಾಟಿನ ಮೇಲೆ ಇತ್ತು.

ಬಂಟ್ವಾಳದ ಹುಡುಗ ಮೊನ್ನೆ ಫೋನ್ ಮಾಡಿದ್ದ. ಹಾಡು ತೆಗೆದನಂತೆ. ಉಮ್ಮನನ್ನು ಮೂರು ಸಂಜೆ ಕೂರಿಸಿ ಮಾತಾಡಿಸಿದನಂತೆ. ಮೊದಲ ದಿನ ಮೊಬೈಲ್ ಕಂಡು ನಾಚಿ ಏನೂ ಹೇಳಲಿಲ್ಲ, ಎರಡನೇ ದಿನ ಮೀನು ಕೊಯ್ಯುತ್ತಾ ಹೇಳಿದರು, ಹಿನ್ನೆಲೆಯಲ್ಲಿ ಬೆಕ್ಕಿನ ಸ್ವರವೂ ಉಂಟು ಎಂದ. ನಾಲ್ಕು ನಿಮಿಷದ್ದು ಈಗ 35 ನಿಮಿಷ ಆಗಿದೆ. ತನ್ನದೊಂದು ಫೋಟೊ ತೆಗೆದುಬಿಡು ಎಂದು ಉಮ್ಮ ಹೇಳಿದರು, ತೆಗೆದೆ ಎಂದ. ಯಾರಿಗೂ ಕಳಿಸಿಲ್ಲ, ಬೇಕಾದವರು ಮನೆಗೇ ಬರಲಿ ಎಂದು ಉಮ್ಮ ಹೇಳಿದ್ದಾರಂತೆ. ಅಕ್ಕ ಬಂದು ಎರಡು ಸಲ ನೋಡಿ ಹೋದಳು.

ಕ್ಯಾಂಪಿನ ರೂಮಿನ ಎದುರಿನ ಆ ಫೋಟೊದಲ್ಲಿ ಎಡಗಡೆಯ ಕೊನೆಯಲ್ಲಿ ನಿಂತವರ ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ. ವಿಟ್ಲ ಕಡೆಯವರು ಎಂದು ಒಬ್ಬರು, ಅಲ್ಲ ಉಪ್ಪಿನಂಗಡಿ ಎಂದು ಇನ್ನೊಬ್ಬರು. ಅಡುಗೆ ಮಾಡುತ್ತಿದ್ದವರು ಇನ್ನೂ ಇದ್ದಾರಂತೆ, ಕಣ್ಣು ಸ್ವಲ್ಪ ಮಂಜು. ಬರುವ ಭಾನುವಾರ ಫೋಟೊವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆಸಿಕೊಂಡು ಹುಡುಗ ಅವರ ಮನೆಗೆ ಹೋಗುತ್ತಾನೆ. ನಮ್ಮನ್ನೂ ಕರೆದಿದ್ದಾನೆ.